ಹಣ್ಣು ಚುಚ್ಚುವ ಯೂಡೊಸಿಮಾ ಪತಂಗಗಳು: ಗುರುತಿಸಿದ ಬಗೆ, ಸಿಕ್ಕ ಜಾಗ

ಮಳೆಗಾಲ ಇಳಿಮುಖವಾಗುವ ಹೊತ್ತಿಗೆ ಹೊಸನಗರದ ಕಡೆಯ ನಮ್ಮ ತೋಟದಲ್ಲಿ ಮೂಸಂಬಿ, ಚಕ್ಕೋತಗಳು ಉದುರತೊಡಗುತ್ತವೆ. ಬಿದ್ದ ಹಣ್ಣನ್ನು ಮೆಲ್ಲನೆ ಅದುಮಿದರೆ ಸೂಜಿಮೊನೆಯಷ್ಟು ಸಣ್ಣ ರಂಧ್ರದಿಂದ ರಸ ಒಸರುತ್ತದೆ. ಹಣ್ಣುನೊಣದ ಕೆಲಸವಾದರೆ ಒಳಗೆ ಹುಳುಗಳಿರುತ್ತವೆ, ಇದರಲ್ಲಿ ಇರುವುದಿಲ್ಲ. ಗಟ್ಟಿಯಾದ ಹೀರುಕೊಳವೆಯಿಂದ ಸಿಪ್ಪೆಯನ್ನೇ ತೂತು ಮಾಡಬಲ್ಲ ಯೂಡೊಸಿಮಾ ಕುಲದ ಪತಂಗಗಳು ಕತ್ತಲಾದ ಮೇಲೆ ಬಂದು ಹೋಗಿರುತ್ತವೆ.

ಸ್ವೀಡನ್ನಿನ ನಿಸರ್ಗತಜ್ಞ ಬಿಲ್ಬರ್ಗ್ 1820ರಲ್ಲಿ ಸ್ಥಾಪಿಸಿದ ಈ ಕುಲದ ಪ್ರಭೇದಗಳು ಹಳೆಯ ಗ್ರಂಥಗಳಲ್ಲಿ ಓಫಿಡೆರಿಸ್, ಒಥ್ರೀಸ್ ಎಂಬ ಹೆಸರುಗಳಡಿ ಚದುರಿವೆ. ಹಿಂದೆ ನಾಕ್ಟುಯಿಡೆ ಕುಟುಂಬದಲ್ಲಿದ್ದ ಇವನ್ನು ಈಗ ಎರೆಬಿಡೆ ಕುಟುಂಬಕ್ಕೆ ಸೇರಿಸಿದ್ದಾರೆ. ಕೃಷಿ ಕೈಪಿಡಿಗಳಲ್ಲಿ ಕಾಣುವ ಒಥ್ರೀಸ್ ಫುಲೋನಿಯಾ ಮತ್ತು ಇಂದಿನ ಯೂಡೊಸಿಮಾ ಫಲೋನಿಯಾ ಒಂದೇ ಪತಂಗ ಎಂಬುದು ತಿಳಿದ ಮೇಲೆ ನನ್ನ ಅರ್ಧ ಗೊಂದಲ ಕರಗಿತು.

ಉಳಿದರ್ಧ ರೆಕ್ಕೆಯದು. ಕುಳಿತ ಪತಂಗದಲ್ಲಿ ಕಾಣುವುದು ಒಣಗಿದೆಲೆಯಂತಹ ಮುಂದಿನ ರೆಕ್ಕೆ ಮಾತ್ರ. ಅದೂ ಗಂಡು ಹೆಣ್ಣುಗಳಲ್ಲಿ ಬೇರೆ ಬೇರೆಯಾಗಿರುವುದರಿಂದ ಅದನ್ನಷ್ಟೇ ನೆಚ್ಚಿ ಪ್ರಭೇದ ಹೇಳುವುದು ತರವಲ್ಲ. ಕಡ್ಡಿಯಿಂದ ಮೆಲ್ಲನೆ ಮುಟ್ಟಿದಾಗ ಅದು ರೆಕ್ಕೆ ಬಿಚ್ಚಿದರೆ ಕಿತ್ತಳೆ ಬಣ್ಣದ ಹಿಂದಿನ ರೆಕ್ಕೆ ಹೊರಬೀಳುತ್ತದೆ, ಆ ಕ್ಷಣಕ್ಕೇ ಕ್ಯಾಮೆರಾ ಸಿದ್ಧವಾಗಿರಬೇಕು. ನಡುವೆ ದಪ್ಪನೆಯ, ಬಾಗಿದ ಕಪ್ಪು ಮಚ್ಚೆಯಿದ್ದರೆ ಫಲೋನಿಯಾ, ಚಿಕ್ಕ ದುಂಡು ಬೊಟ್ಟಿದ್ದರೆ ಇದೇ ಕುಲದ ಇನ್ನೊಂದು ಪ್ರಭೇದವಾದ ಮಟೆರ್ನಾ. ಸಲಾಮಿನಿಯಾ ಎಂಬ ಪ್ರಭೇದ ಒಂದಕ್ಕೆ ಮಾತ್ರ ಈ ಶ್ರಮ ಬೇಡ. ಹಸಿರು ಮುಂದಿನ ರೆಕ್ಕೆಯ ಬಿಳಿಚು ಅಂಚೇ ಸಾಕು. ಹೊಮೇನಾ ಎಂಬ ಪ್ರಭೇದವನ್ನು ಫಲೋನಿಯಾದಿಂದ ಬೇರ್ಪಡಿಸುವಷ್ಟು ಚಿತ್ರ ಸ್ಪಷ್ಟವಾಗಿಲ್ಲದಿದ್ದರೆ ಕುಲದ ಹೆಸರನ್ನಷ್ಟೇ ಬರೆದು ಬಿಡುತ್ತೇನೆ.

ಪತಂಗಗಳನ್ನು ಸೆಳೆಯಲು ರಾತ್ರಿ ದೀಪದೆದುರು ಕಟ್ಟುವ ಬಿಳಿ ಪರದೆಗೆ ಇವು ನನ್ನಲ್ಲಿ ಬಂದದ್ದು ಅಪರೂಪ. ಬೆಲ್ಲ ಬೆರೆಸಿ ಹುಳಿ ಬರಿಸಿದ ಬಾಳೆಹಣ್ಣಿನ ತಟ್ಟೆಯನ್ನು ಬೇಲಿಯ ಬದಿಯಲ್ಲಿಟ್ಟು, ಕತ್ತಲಾದ ಮೇಲೆ ಟಾರ್ಚ್ ಹಿಡಿದು ಸುತ್ತುವುದೇ ಹೆಚ್ಚು ಫಲ ಕೊಟ್ಟಿತು.

ಆದರೆ ಪತಂಗ ಹಣ್ಣಿನ ಬಳಿ ಸಿಕ್ಕರೆ ಅದು ಅಲ್ಲಿಯದೆಂದು ಹೇಳಲಾಗದು, ಎಲ್ಲಿಂದಲೋ ಹಾರಿ ಬಂದಿರಬಹುದು. ಆದ್ದರಿಂದ ಯಾವ ಪ್ರಭೇದ ಎಲ್ಲಿದೆಯೆಂದು ಗುರುತಿಸುವ ನನ್ನ ನಕ್ಷೆಗೆ ಮರಿಹುಳುಗಳನ್ನೇ ಆಧಾರ ಮಾಡಿಕೊಂಡೆ. ನಮ್ಮಲ್ಲಿ ಅವು ಅಮೃತಬಳ್ಳಿ, ದಾಗಡಿಬಳ್ಳಿಗಳ ಕುಟುಂಬದ ಎಲೆಗಳನ್ನು ತಿಂದು ಬೆಳೆಯುತ್ತವೆ. ತಲೆಯನ್ನು ಒಳಕ್ಕೆ ಮಡಿಸಿ, ಬಾಲದ ತುದಿಯನ್ನು ಮೇಲಕ್ಕೆತ್ತಿ, ಪಕ್ಕದಲ್ಲಿ ಎರಡು ಜೊತೆ ಕಣ್ಣಿನಂತಹ ಮಚ್ಚೆಗಳನ್ನು ತೋರುವ ಹುಳುವನ್ನು ಒಮ್ಮೆ ನೋಡಿದವರು ಮರೆಯಲಾರರು. ಬಲೆ ಕಟ್ಟಿದ ಡಬ್ಬದಲ್ಲಿ ಅದೇ ಬಳ್ಳಿಯ ಎಲೆ ಹಾಕಿ ಸಾಕಿದೆ. ಅವು ಎಲೆಗಳನ್ನು ರೇಷ್ಮೆಯೆಳೆಯಿಂದ ಹೊಲಿದುಕೊಂಡು ಕೋಶವಾದವು, ಹೊರಬಂದ ಪತಂಗದ ಎರಡೂ ರೆಕ್ಕೆ ಸವೆಯದೆ ಸಿಕ್ಕವು. ಗುರುತಿಸಲು ಇದಕ್ಕಿಂತ ಒಳ್ಳೆಯ ದಾರಿ ನನಗೆ ಕಂಡಿಲ್ಲ. ಮರಿಹುಳುಗಳು ಹೆಚ್ಚಾಗಿ ಸಿಕ್ಕದ್ದು ತೋಟದೊಳಗಲ್ಲ, ಸೊಪ್ಪಿನ ಬೆಟ್ಟದ ಅಂಚಿನಲ್ಲಿ ಮತ್ತು ಕಡಿಯದೆ ಬಿಟ್ಟ ಹಳೆಯ ಬೇಲಿಗಳಲ್ಲಿ.

ದೂರದ ಹರಡುವಿಕೆಯ ಕಥೆಯೂ ಆಹಾರದ ಗಿಡದೊಂದಿಗೇ ತಳುಕು ಹಾಕಿಕೊಂಡಿದೆ. ಫಲೋನಿಯಾ ಆಫ್ರಿಕಾದಿಂದ ಏಷ್ಯಾ, ಆಸ್ಟ್ರೇಲಿಯಾ ದಾಟಿ ಪೆಸಿಫಿಕ್ ದ್ವೀಪಗಳವರೆಗೆ ಇದೆ. ಆ ದ್ವೀಪಗಳಲ್ಲಿ ಅದರ ಮರಿಗಳು ಹಾಲುವಾಣದ ಕುಲದ ಮರಗಳ ಎಲೆ ತಿನ್ನುತ್ತವೆ. ಕಾಳುಮೆಣಸು ಹಬ್ಬಿಸಲು ನಾವು ನೆಟ್ಟ ಹಾಲುವಾಣಗಳನ್ನು ಇದೇ ಕಾರಣಕ್ಕೆ ವರ್ಷವೂ ತಡಕುತ್ತೇನೆ; ಈವರೆಗೆ ಒಂದು ಮರಿಯೂ ಕಂಡಿಲ್ಲ. ಅಮೆರಿಕದಿಂದ ಮಟೆರ್ನಾ ಎಂದು ದಾಖಲಾಗಿದ್ದದ್ದು ಈಗ ಆಪ್ಟಾ ಎಂಬ ಪ್ರತ್ಯೇಕ ಪ್ರಭೇದವೆನಿಸಿರುವುದರಿಂದ, ಹಳೆಯ ಹರಡುವಿಕೆಯ ಪಟ್ಟಿಗಳನ್ನು ಬಳಸುವವರು ಮಟೆರ್ನಾದ ಮುಂದಿರುವ ಅಮೆರಿಕವನ್ನು ಹೊಡೆದುಹಾಕಿಕೊಳ್ಳಬೇಕು.