ಸುಣ್ಣ ಉಂಡ ಜೋಳದ ರೊಟ್ಟಿ: ಮನೆಯಲ್ಲಿ ಟಾಕೊ ಮಾಡಿದ ನನ್ನ ಅನುಭವ

ಟಾಕೊ ಅಂದರೆ ಕಾಳು, ಪಲ್ಯ ಏನಾದರೂ ತುಂಬಿ ಮಡಚಿ ತಿನ್ನುವ ಮೆಕ್ಸಿಕೊದ ರೊಟ್ಟಿ. ನಾನು ಮಾಡಿದ ಮೊದಲ ಟಾಕೊ ಬಾಯಿಗೆ ಬರಲೇ ಇಲ್ಲ. ಮಡಚಿದ ಕೂಡಲೇ ನಡುವೆ ಸೀಳಿ ಒಳಗಿನ ಕಾಳೆಲ್ಲ ಅಂಗಿಯ ಮೇಲೆ ಬಿತ್ತು. ಎರಡನೆಯದಕ್ಕೂ ಅದೇ ಗತಿ. ಮೂರನೆಯದನ್ನು ಮಡಚುವ ಗೋಜಿಗೆ ಹೋಗದೆ, ಎಲ್ಲವನ್ನೂ ಕಲಸಿಕೊಂಡು ಚಮಚದಲ್ಲಿ ತಿಂದೆವು. ಮಗಳು ಮಾತ್ರ "ಪಪ್ಪಾ, ಇದು ಟಾಕೊ ಅಲ್ಲ, ಉಪ್ಪಿಟ್ಟು" ಅಂದಳು.

ತಪ್ಪು ಇದ್ದದ್ದು ಹಿಟ್ಟಿನಲ್ಲಿ. ನಾವಿರುವುದು ಟೆಕ್ಸಾಸ್‌ನ ಆಸ್ಟಿನ್‌ನಲ್ಲಿ. ಟಾಕೊಗೆ ಬೇಕಾದ ಟೊರ್ಟಿಯಾ ಅಂದರೆ ಗೋವಿನಜೋಳದ ರೊಟ್ಟಿ, ಇಂಡಿಯನ್ ಅಂಗಡಿಯಲ್ಲಿ ಸಿಗುವ ಮಕ್ಕಿ ಆಟಾ ಅಂದರೆ ಗೋವಿನಜೋಳದ ಹಿಟ್ಟು. ಒಂದು ಪೊಟ್ಟಣ ತಂದರೆ ಆಯಿತು ಅಂದುಕೊಂಡೆ. ಮರುದಿನ ಆಫೀಸಿನಲ್ಲಿ ಪಕ್ಕದ ಮೇಜಿನ ಗೆಳೆಯನಿಗೆ ಈ ಕಥೆ ಹೇಳಿದೆ. ಅವನ ಅಮ್ಮ ಮೆಕ್ಸಿಕೊದ ಪ್ವೆಬ್ಲಾದವರು. ಅವನು ನಗುತ್ತ ಕೇಳಿದ್ದು ಒಂದೇ ಪ್ರಶ್ನೆ: "ಆ ಜೋಳ ಸುಣ್ಣದಲ್ಲಿ ಬೆಂದಿತ್ತಾ?"

ಸುಣ್ಣ ಅಂದಾಗ ನನಗೆ ನೆನಪಾದದ್ದು ಅಜ್ಜನ ಎಲೆಅಡಿಕೆ ಚಂಚಿ. ಆದರೆ ಟಾಕೊದ ಗುಟ್ಟೆಲ್ಲ ಅಲ್ಲೇ ಇದೆ ಎಂದು ಆಮೇಲೆ ಗೊತ್ತಾಯಿತು. ಮೆಕ್ಸಿಕೊದಲ್ಲಿ ಒಣಗಿದ ಗೋವಿನಜೋಳದ ಕಾಳನ್ನು ಸುಣ್ಣ ಕಲಸಿದ ನೀರಿನಲ್ಲಿ ಕುದಿಸಿ, ಅದೇ ನೀರಿನಲ್ಲಿ ರಾತ್ರಿಯಿಡೀ ಬಿಡುತ್ತಾರೆ. ಬೆಳಿಗ್ಗೆ ಕೈಯಲ್ಲಿ ತಿಕ್ಕಿ ತೊಳೆದರೆ ಸಿಪ್ಪೆ ಲೋಳೆಯಾಗಿ ಜಾರಿ ಹೋಗುತ್ತದೆ. ಹೀಗೆ ಸುಣ್ಣ ಉಂಡ ಕಾಳಿಗೆ ನಿಕ್ಸ್ತಮಾಲ್ ಅಂತ ಹೆಸರು, ಅದನ್ನು ಹಸಿಯಾಗಿ ಅರೆದರೆ ಮಾಸಾ. ಸುಣ್ಣ ಕಾಳಿನ ಗೋಡೆಯನ್ನು ಕರಗಿಸಿ ಅಂಟು ಹುಟ್ಟಿಸುವುದರಿಂದಲೇ, ಗೋಧಿಯಂಥ ಜಿಗಿ ಇಲ್ಲದ ಜೋಳದ ಹಿಟ್ಟು ರೊಟ್ಟಿಯಾಗಿ ಮಡಚಿಕೊಳ್ಳುತ್ತದೆ. ಮೂರು ಸಾವಿರ ವರ್ಷಕ್ಕೂ ಹಿಂದಿನ ವಿದ್ಯೆ ಇದು. ಸ್ಪೇನಿನವರು ಜೋಳವನ್ನು ಯುರೋಪಿಗೆ ಹೊತ್ತೊಯ್ದರು, ಸುಣ್ಣದ ವಿದ್ಯೆಯನ್ನು ಅಲ್ಲೇ ಬಿಟ್ಟರು. ಸುಣ್ಣ ಬೀಳದಿದ್ದರೆ ಜೋಳದಲ್ಲಿರುವ ನಯಾಸಿನ್ ಎಂಬ ವಿಟಮಿನ್ ಮೈಗೆ ಹತ್ತುವುದಿಲ್ಲ. ಜೋಳವನ್ನೇ ನಂಬಿ ಬದುಕಿದ ಉತ್ತರ ಇಟಲಿಯ ಬಡವರಿಗೆ, ಆಮೇಲೆ 20ನೇ ಶತಮಾನದ ಆರಂಭದಲ್ಲಿ ಅಮೆರಿಕದ ದಕ್ಷಿಣ ರಾಜ್ಯಗಳ ಕೂಲಿಕಾರರಿಗೆ ಆ ಕೊರತೆಯಿಂದ ಪೆಲಾಗ್ರಾ ಎಂಬ ರೋಗ ಬಂತು. ಮೆಕ್ಸಿಕೊದ ರೈತರು ಅದೇ ಜೋಳ ತಿಂದು ಗಟ್ಟಿಯಾಗಿದ್ದರು.

ಇಷ್ಟೆಲ್ಲ ಕೇಳಿ ಟಾಕೊ ಕಷ್ಟ ಎಂದು ಹೆದರಬೇಡಿ. ಸುಣ್ಣದ ಕೆಲಸ ಮುಗಿಸಿ, ಒಣಗಿಸಿ, ಪುಡಿ ಮಾಡಿದ ಹಿಟ್ಟು ಸಿಗುತ್ತದೆ. ಅದರ ಹೆಸರು ಮಾಸಾ ಆರೀನಾ. ಮಾಸೆಕಾ ಎಂಬ ಬ್ರ್ಯಾಂಡು ಇಲ್ಲಿ ಎಲ್ಲ ಅಂಗಡಿಗಳಲ್ಲೂ ಇರುತ್ತದೆ. ಪೊಟ್ಟಣದ ಮೇಲೆ ಮಾಸಾ ಎಂದು ಇರಬೇಕು, ಬರೀ ಕಾರ್ನ್ ಫ್ಲೋರ್ ಆಗಬಾರದು. ನಮ್ಮ ಕಡೆ ಕಾರ್ನ್ ಫ್ಲೋರ್ ಅಂತ ಮಾರುವ ಬಿಳಿ ಪುಡಿಯಂತೂ ಬರೀ ಪಿಷ್ಟ, ಗೋಬಿ ಮಂಚೂರಿಗಷ್ಟೇ ಸರಿ.

ನಾನು ನಿಜವಾಗಿ ಕಲಿತದ್ದು ಅವ್ವ ಬಂದ ಮೇಲೆ. ನಮ್ಮದು ರಾಣೇಬೆನ್ನೂರು ಸೀಮೆಯ ಒಂದು ಹಳ್ಳಿ. ಮಳೆಗಾಲದಲ್ಲಿ ಎತ್ತ ನೋಡಿದರೂ ಗೋವಿನಜೋಳ. ಆದರೆ ಅದು ನಮ್ಮ ಅಡುಗೆಮನೆಗೆ ಬರುತ್ತಿದ್ದದ್ದು ಸುಟ್ಟ ಎಳೆ ತೆನೆಯಾಗಿ ಮಾತ್ರ. ರೊಟ್ಟಿಗೆ ಬಿಳಿಜೋಳವೇ ಆಗಬೇಕು. ಆರು ತಿಂಗಳಿಗೆಂದು ಬಂದ ಅವ್ವ ನನ್ನ ಮಾಸೆಕಾ ಚೀಲವನ್ನು ತಿರುಗಿಸಿ ತಿರುಗಿಸಿ ನೋಡಿ, "ಅಲ್ಲೋ ತಮ್ಮಾ, ನಮ್ಮ ಕಡೆ ಕೋಳಿ ಫಾರಂನವ್ರು ಒಯ್ಯೋ ಗೊಂಜಾಳಾನ ನೀ ಇಲ್ಲಿ ರೊಕ್ಕಾ ಕೊಟ್ಟು ತರ್ತೀಯೇನು?" ಅಂದಳು. ಆಮೇಲೆ ಹಿಟ್ಟಿಗೆ ನೀರು ಬಿದ್ದ ಕೂಡಲೇ ಮೂಗರಳಿಸಿದಳು: "ಇದ್ಯಾಕ ಸುಣ್ಣ ಬಳದ ಗ್ವಾಡಿ ಮ್ಯಾಲ ಮಳಿ ಬಿದ್ದಂಗ ನಾರ್ತದಲ್ಲ!" ಮಾಸಾದ ವಾಸನೆಗೆ ಇದಕ್ಕಿಂತ ಸರಿಯಾದ ಹೋಲಿಕೆ ನಾನು ಇನ್ನೂ ಕೇಳಿಲ್ಲ.

ನನ್ನ ಅಳತೆ ಹೀಗಿದೆ. 2 ಕಪ್ ಮಾಸಾ ಆರೀನಾ, ಚಿಟಿಕೆ ಉಪ್ಪು, ಸುಮಾರು 1½ ಕಪ್ ಬೆಚ್ಚಗಿನ ನೀರು. ಅವ್ವ ರೂಢಿಯಂತೆ ಎಸರಿಗೆ ಇಡಲು ಹೋದಳು. ಬಿಳಿಜೋಳಕ್ಕೆ ಕುದಿಯುವ ಎಸರು ಬೇಕೇ ಬೇಕು, ಹಸಿ ಹಿಟ್ಟಿಗೆ ಅಂಟು ಬರುವುದೇ ಆ ಬಿಸಿಯಿಂದ. ಮಾಸಾ ಆಗಲೇ ಒಮ್ಮೆ ಬೆಂದ ಹಿಟ್ಟು, ಅದಕ್ಕೆ ಉಗುರುಬೆಚ್ಚಗಿನ ನೀರು ಸಾಕು. ಎರಡು ನಿಮಿಷ ನಾದಿ, ಒದ್ದೆ ಬಟ್ಟೆ ಮುಚ್ಚಿ 20 ನಿಮಿಷ ಬಿಡಬೇಕು. ನಾನು ಬಹಳ ದಿನ ಇದನ್ನು ಬಿಟ್ಟೇಬಿಡುತ್ತಿದ್ದೆ, ಅದಕ್ಕೇ ಅಂಚು ಒಡೆಯುತ್ತಿತ್ತು. ಹಿಟ್ಟು ನೀರು ಕುಡಿಯಲು ಹೊತ್ತು ಬೇಕು. ಆಮೇಲೆ ಒಂದು ಉಂಡೆ ಹಿಡಿದು ಹೆಬ್ಬೆರಳಲ್ಲಿ ಒತ್ತಿ ನೋಡಿ. ಅಂಚು ಬಿರಿದರೆ ಕೈ ಒದ್ದೆ ಮಾಡಿಕೊಂಡು ಇನ್ನಷ್ಟು ನಾದಬೇಕು, ಕೈಗೆ ಮೆತ್ತಿಕೊಂಡರೆ ಒಂದು ಚಮಚ ಒಣ ಹಿಟ್ಟು. ಎಣ್ಣೆ ಹಾಕುವ ಅಗತ್ಯವೇ ಇಲ್ಲ.

ಸಣ್ಣ ನಿಂಬೆಹಣ್ಣಿನ ಗಾತ್ರದ ಉಂಡೆ ಮಾಡಿದರೆ 14–15 ರೊಟ್ಟಿ ಆಗುತ್ತವೆ. ಅಂಗೈಗಿಂತ ಸ್ವಲ್ಪ ದೊಡ್ಡದಷ್ಟೇ. ನಮ್ಮ ರೊಟ್ಟಿಯ ಅಳತೆ ಇಲ್ಲಿ ಬೇಡ. ಇಲ್ಲಿನವರು ಒತ್ತಲು ಕಬ್ಬಿಣದ ಪ್ರೆಸ್ ಇಟ್ಟುಕೊಂಡಿರುತ್ತಾರೆ. ನಾನು ದಪ್ಪ ಪ್ಲಾಸ್ಟಿಕ್ ಚೀಲವನ್ನು ಎರಡು ಹಾಳೆಯಾಗಿ ಕತ್ತರಿಸಿ, ನಡುವೆ ಉಂಡೆ ಇಟ್ಟು, ತಳ ಸಪಾಟಾದ ಭಾರದ ಪಾತ್ರೆಯಿಂದ ಒತ್ತುತ್ತೇನೆ. ನಿಪ್ಪಟ್ಟಿಗೋ ಅಕ್ಕಿರೊಟ್ಟಿಗೋ ಹಾಲಿನ ಕವರು ಬಳಸಿದವರಿಗೆ ಇದು ಹೊಸದಲ್ಲ. ಅವ್ವ ಮಾತ್ರ ಪ್ಲಾಸ್ಟಿಕ್ಕು ಪಕ್ಕಕ್ಕೆ ಸರಿಸಿ ಕೈಯಲ್ಲೇ ಪಟಪಟ ಬಡಿದಳು. ಗೆಳೆಯನ ಅಮ್ಮ ಒಂದು ಭಾನುವಾರ ಮನೆಗೆ ಬಂದಾಗ ಅದನ್ನು ನೋಡಿ ತಾವೂ ಒಂದು ಉಂಡೆ ತೆಗೆದುಕೊಂಡು ಎರಡು ಅಂಗೈ ನಡುವೆ ಚಪ್ಪಾಳೆ ತಟ್ಟುತ್ತ ಅಗಲಿಸತೊಡಗಿದರು. ಅವರ ಅಜ್ಜಿ ಹಾಗೆ ಮಾಡುತ್ತಿದ್ದರಂತೆ. ಇಬ್ಬರಿಗೂ ಒಬ್ಬರ ಭಾಷೆ ಒಬ್ಬರಿಗೆ ಬಾರದು. ಸುಮಾರು ಅರ್ಧ ಗಂಟೆ ನನ್ನನ್ನು ಒಲೆಯ ಹತ್ತಿರ ಬಿಟ್ಟುಕೊಳ್ಳಲಿಲ್ಲ.

ಹಂಚು ಚೆನ್ನಾಗಿ ಕಾದಿರಲಿ. ಸಣ್ಣ ಉರಿಯಲ್ಲಿ ಬೇಯಿಸಿದರೆ ರೊಟ್ಟಿ ಒಣಗಿ ಹಪ್ಪಳವಾಗುತ್ತದೆ. ಮೊದಲ ಮಗ್ಗುಲು 20 ಸೆಕೆಂಡು, ಅಂಚು ಬಿಟ್ಟುಕೊಂಡ ಕೂಡಲೇ ತಿರುವಬೇಕು. ಎರಡನೇ ಮಗ್ಗುಲು ಸುಮಾರು ಒಂದು ನಿಮಿಷ, ಕಂದು ಚುಕ್ಕೆ ಬೀಳುವವರೆಗೆ. ಮತ್ತೆ ತಿರುವಿ ನಡುವೆ ಬೆರಳಿನಿಂದ ಮೆತ್ತಗೆ ಒತ್ತಿದರೆ ಉಬ್ಬುತ್ತದೆ. ಉಬ್ಬದಿದ್ದರೂ ತಿನ್ನಲಡ್ಡಿಯಿಲ್ಲ, ಉಬ್ಬಿದರೆ ಒಂದು ಖುಷಿ, ಅಷ್ಟೇ. ಹಂಚಿನಿಂದ ತೆಗೆದದ್ದನ್ನು ತಟ್ಟೆಯಲ್ಲಿ ಬಿಡದೆ ದಪ್ಪ ಬಟ್ಟೆಯೊಳಗೆ ಒಂದರ ಮೇಲೊಂದು ಪೇರಿಸಿ ಮುಚ್ಚಿಡಬೇಕು. ಹತ್ತು ನಿಮಿಷ ತಮ್ಮದೇ ಹಬೆಯಲ್ಲಿ ಕೂತರೆ ಮೃದುವಾಗುತ್ತವೆ. ಮೇಲಿನ ಎಲ್ಲ ಮಾತು ಮರೆತರೂ ಈ ಬಟ್ಟೆಯನ್ನು ಮರೆಯಬೇಡಿ. ಹಂಚಿನಿಂದ ನೇರ ತಟ್ಟೆಗೆ ಬಂದ ರೊಟ್ಟಿ ಮಡಚಿದರೆ ಮುರಿಯುತ್ತದೆ.

ದೋಣಿಯಂತೆ ಬಾಗಿದ ಗರಿಗರಿ ಚಿಪ್ಪಿನ ಟಾಕೊ ಯಾಕೆ ಮಾಡಲಿಲ್ಲ ಎಂದು ಕೇಳುವವರಿದ್ದಾರೆ. 2010ರಲ್ಲಿ ಬೆಂಗಳೂರಿನ ಮಂತ್ರಿ ಸ್ಕ್ವೇರ್‌ನಲ್ಲಿ ಅಮೆರಿಕದ ಟ್ಯಾಕೊ ಬೆಲ್ ಎಂಬ ಹೋಟೆಲು ಬಾಗಿಲು ತೆರೆದಾಗ ನಾನೂ ಮೊದಲು ಕಂಡದ್ದು ಅದನ್ನೇ. ಅದು ಹೆಚ್ಚಾಗಿ ಅಮೆರಿಕದ ಕಡೆ ಬೆಳೆದ ರೂಪ. ಮನೆಯಲ್ಲಿ ಕರಿಯುವುದು ರಗಳೆ, ಎಣ್ಣೆಯೂ ಬಹಳ. ಚಪಾತಿಯಲ್ಲಿ ಸುತ್ತಿದರಾಗದೇ ಅಂದರೆ, ಧಾರಾಳವಾಗಿ ಸುತ್ತಿ. ಉತ್ತರ ಮೆಕ್ಸಿಕೊದಲ್ಲಿ ಗೋಧಿಯ ಟೊರ್ಟಿಯಾವೇ ಹೆಚ್ಚು. ಆದರೆ ಆ ಸುಣ್ಣದ ಘಮ ಬೇಕಿದ್ದರೆ ಮಾಸಾ ಬಿಟ್ಟು ಬೇರೆ ದಾರಿಯಿಲ್ಲ.

ಒಳಗೆ ಏನು? ಸಸ್ಯಾಹಾರಿ ಟಾಕೊ ಅಂದರೆ ಮಾಂಸ ತೆಗೆದ ಟಾಕೊ ಎಂದು ನಾನೂ ತಿಳಿದಿದ್ದೆ. ಗೆಳೆಯನ ಅಮ್ಮ ಬೆರಳು ಮಡಚಿ ಎಣಿಸಿದರು: ಕುಂಬಳದ ಹೂವು, ಸುಟ್ಟ ಮೆಣಸಿನಕಾಯಿ ಸೀಳು, ಅಣಬೆ, ಆಲೂಗಡ್ಡೆ, ನೋಪಾಲ್. ನೋಪಾಲ್ ಅಂದರೆ ಏನು ಎಂದು ಫೋನಿನಲ್ಲಿ ಚಿತ್ರ ತೋರಿಸಿದಾಗ ಅವ್ವ ಹೌಹಾರಿದಳು. ನಮ್ಮ ಹೊಲದ ಬೇಲಿಯ ಪಾಪಸುಕಳ್ಳಿ! ಮುಳ್ಳು ಹೆರೆದು, ಹೆಚ್ಚಿ, ಲೋಳೆ ಹೋಗುವವರೆಗೆ ಬಾಡಿಸಿದರೆ ರುಚಿ ಹೆಚ್ಚುಕಡಿಮೆ ಹುಳಿ ಬೆರೆಸಿದ ಬೆಂಡೆಕಾಯಿ ಪಲ್ಯದ್ದೇ.

ವಾರದ ದಿನಗಳಲ್ಲಿ ನನ್ನದು ಕಪ್ಪು ಬೀನ್ಸ್. 1 ಕಪ್ ಕಾಳು ರಾತ್ರಿ ನೆನೆಸಿ, ಅರ್ಧ ಈರುಳ್ಳಿ, ಎರಡು ಎಸಳು ಬೆಳ್ಳುಳ್ಳಿ ಹಾಕಿ ಕುಕ್ಕರಿನಲ್ಲಿ ಮೆತ್ತಗೆ ಬೇಯಿಸುತ್ತೇನೆ. ಬಾಣಲೆಯಲ್ಲಿ ಎರಡು ಚಮಚ ಎಣ್ಣೆ, ಸಣ್ಣಗೆ ಹೆಚ್ಚಿದ ಈರುಳ್ಳಿ, ಚೂರು ಜೀರಿಗೆ ಪುಡಿ. ಬೆಂದ ಕಾಳನ್ನು ಅದರ ಕಟ್ಟಿನ ಸಮೇತ ಸುರಿದು, ಸೌಟಿನ ಬೆನ್ನಲ್ಲಿ ಅರೆಬರೆ ಮಸೆದು ಗಟ್ಟಿಯಾಗಿಸುವುದು. ಪ್ವೆಬ್ಲಾದ ಕಡೆ ವಾಯು ಆಗದಿರಲೆಂದು ಎಪಸೋತೆ ಎಂಬ ಘಾಟು ಸೊಪ್ಪು ಹಾಕುತ್ತಾರೆ. ಅದು ಸಿಗದ ದಿನ ಅವ್ವ ತಾನಾಗಿಯೇ ಚಿಟಿಕೆ ಅಜವಾನ ಹಾಕಿದಳು. ರಾಜ್ಮಾ, ಅಲಸಂದೆ ಕಾಳಿನಲ್ಲೂ ಇದೇ ಕ್ರಮ ನಡೆಯುತ್ತದೆ.

ಡಬ್ಬಿಯ ಬೀನ್ಸ್ ತರುವವರಿಗೆ ಒಂದು ಎಚ್ಚರಿಕೆ, ಪೆಟ್ಟು ತಿಂದವನ ಮಾತು. ನಮ್ಮ ಮನೆಯಲ್ಲಿ ಮೊಟ್ಟೆಯೂ ಇಲ್ಲ. ಮೊದಲ ವರ್ಷ ಮಸೆದ ಬೀನ್ಸ್‌ನ ಡಬ್ಬಿ ತಂದು, ಅರ್ಧ ತಿಂದ ಮೇಲೆ ಹಿಂದಿನ ಸಣ್ಣ ಅಕ್ಷರ ಓದಿದೆ: ಲಾರ್ಡ್. ಅಂದರೆ ಹಂದಿಕೊಬ್ಬು. ಸ್ಪ್ಯಾನಿಷ್‌ನಲ್ಲಿ ಅದು ಮಾಂತೇಕಾ. ಗೋಧಿ ಟೊರ್ಟಿಯಾದಲ್ಲೂ ಅದು ಇರಬಹುದು, ಹೋಟೆಲಿನ ಕೆಂಪು ಅನ್ನಕ್ಕೆ ಕೋಳಿ ಸಾರು ಬಿದ್ದಿರಬಹುದು, ಚೀಸಿಗೆ ಹಾಲು ಒಡೆಸಲು ಕರುವಿನ ಹೊಟ್ಟೆಯಿಂದ ತೆಗೆದ ರೆನೆಟ್ ಬಳಸಿರಬಹುದು. "ಮಾಂಸ ಇಲ್ಲ ತಾನೇ" ಎಂದು ಕೇಳಿದರೆ "ಇಲ್ಲ" ಎನ್ನುವ ಉತ್ತರವೇ ಬರುತ್ತದೆ, ಕೊಬ್ಬನ್ನು ಯಾರೂ ಮಾಂಸದ ಲೆಕ್ಕಕ್ಕೆ ಹಿಡಿಯುವುದಿಲ್ಲ. ನಾನೀಗ ಚೀಸಿನ ಬದಲು ಪನೀರನ್ನು ಕೈಯಲ್ಲಿ ಪುಡಿ ಮಾಡಿ, ಉಪ್ಪು, ನಿಂಬೆರಸ ಬೆರೆಸಿ ಉದುರಿಸುತ್ತೇನೆ. ಅಲ್ಲಿನ ತಾಜಾ ಬಿಳಿ ಚೀಸಿಗೆ ಅದು ಸಾಕಷ್ಟು ಹತ್ತಿರ.

ಸಾಲ್ಸಾ ಅಂದರೆ ನಮ್ಮ ಸುಟ್ಟ ಟೊಮೆಟೊ ಚಟ್ನಿಯ ಅಕ್ಕ. ಅಕ್ಕ ಯಾಕೆಂದರೆ ಟೊಮೆಟೊ, ಮೆಣಸಿನಕಾಯಿ ಎರಡೂ ಆ ನಾಡಿನಿಂದಲೇ ನಮ್ಮಲ್ಲಿಗೆ ಬಂದವು. ಅದೇ ಹಂಚಿನ ಮೇಲೆ, ಎಣ್ಣೆ ಇಲ್ಲದೆ, 4 ಟೊಮೆಟೊ, ಅರ್ಧ ಈರುಳ್ಳಿ, ಸಿಪ್ಪೆ ಸಮೇತ ಎರಡು ಬೆಳ್ಳುಳ್ಳಿ, ಎರಡು ಹಸಿಮೆಣಸಿನಕಾಯಿ ಅಲ್ಲಲ್ಲಿ ಕಪ್ಪಾಗುವಷ್ಟು ಸುಡಬೇಕು. ಬೆಳ್ಳುಳ್ಳಿ, ಮೆಣಸಿನಕಾಯಿ, ಉಪ್ಪನ್ನು ಮೊದಲು ಕುಟ್ಟಿ, ಆಮೇಲೆ ಟೊಮೆಟೊ, ಈರುಳ್ಳಿ ಹಾಕಿ ಜಜ್ಜುವುದು. ಮಿಕ್ಸಿಯಾದರೆ ಎರಡೇ ಸುತ್ತು, ನುಣ್ಣಗಾದರೆ ಸಾರಿನಂತಾಗುತ್ತದೆ. ಕೊತ್ತಂಬರಿ, ನಿಂಬೆರಸ ಕೊನೆಗೆ. ಬಣ್ಣ ಬೇಕೆಂದರೆ ಒಂದೆರಡು ಬ್ಯಾಡಗಿ ಮೆಣಸಿನಕಾಯಿ ನೆನೆಸಿ ಹಾಕುತ್ತೇನೆ. ಇಲ್ಲಿನ ಗ್ವಾಹಿಯೊ ಮೆಣಸಿನಕಾಯಿಯ ಹಾಗೆ ಅದರದೂ ಖಾರಕ್ಕಿಂತ ಕೆಂಪೇ ಹೆಚ್ಚು. ಬ್ಯಾಡಗಿ ನಮ್ಮ ಪಕ್ಕದ ತಾಲ್ಲೂಕು, ಆ ಅಭಿಮಾನವೂ ಸ್ವಲ್ಪ ಸೇರಿದೆ ಎನ್ನಿ.

ಅವ್ವ ಇದ್ಯಾವುದನ್ನೂ ನೆಚ್ಚಿಕೊಳ್ಳದೆ ಊರಿಂದ ತಂದ ಶೇಂಗಾ ಚಟ್ನಿ ಪುಡಿಗೆ ಎಣ್ಣೆ ಕಲಸಿ ಟಾಕೊದ ಮೇಲೆ ಸುರಿದಳು. ನನಗೆ ಅತಿಥಿಗಳ ಮುಂದೆ ಮುಜುಗರ. ಗೆಳೆಯನ ಅಮ್ಮ ನಾಲಿಗೆಗೆ ಹಚ್ಚಿಕೊಂಡವರೇ "ಸಾಲ್ಸಾ ಮಾಚಾ!" ಅಂದರು. ಮೆಕ್ಸಿಕೊದ ಬೆರಾಕ್ರುಸ್ ಕಡೆ ಒಣಮೆಣಸಿನಕಾಯಿ, ಬೆಳ್ಳುಳ್ಳಿ, ಶೇಂಗಾ ಎಣ್ಣೆಯಲ್ಲಿ ಹುರಿದು ಕುಟ್ಟಿ ಮಾಡುವ ಚಟ್ನಿಯ ಹೆಸರದು. ಹೋಗುವಾಗ ಡಬ್ಬಿ ತುಂಬ ಕಟ್ಟಿಸಿಕೊಂಡು ಹೋದರು.

ಮಡಚುವಾಗ ಆಸೆ ಬೇಡ. ಎರಡು ಚಮಚ ಬೀನ್ಸ್, ನಿಂಬೆರಸದಲ್ಲಿ ಉಪ್ಪು ಹಾಕಿ ನೆನೆಸಿದ ಈರುಳ್ಳಿ, ಒಂದು ಸೀಳು ಬೆಣ್ಣೆಹಣ್ಣು, ಸಾಲ್ಸಾ, ಮುಗಿಯಿತು. ಸಾಲ್ಸಾ ನೀರಾಗಿದ್ದರೆ ಎರಡು ರೊಟ್ಟಿ ಜೋಡಿಸಿ ಹಿಡಿಯಿರಿ, ಬೀದಿಯ ಗಾಡಿಗಳಲ್ಲೂ ಹೀಗೇ ಕೊಡುತ್ತಾರೆ.

ಒಮ್ಮೆ ಹುಮ್ಮಸ್ಸಿನಿಂದ ನಿಕ್ಸ್ತಮಾಲನ್ನೂ ಮನೆಯಲ್ಲೇ ಮಾಡಿದೆ. 1 ಕಿಲೋ ಒಣ ಬಿಳಿ ಗೋವಿನಜೋಳಕ್ಕೆ 10 ಗ್ರಾಂ ತಿನ್ನುವ ಸುಣ್ಣ. ಇಲ್ಲಿ ಅಡುಗೆಗೆಂದೇ ಕಾಲ್ ಎಂಬ ಹೆಸರಿನಲ್ಲಿ ಸಿಗುತ್ತದೆ, ಗೋಡೆಗೆ ಬಳಿಯುವುದನ್ನು ಮುಟ್ಟಬೇಡಿ. ನಲವತ್ತು ನಿಮಿಷ ಕುದಿಸಿ ರಾತ್ರಿ ಬಿಟ್ಟೆ. ಕಾಳು ಚೆನ್ನಾಗೇ ಬಂತು, ಅರೆಯುವುದರಲ್ಲಿ ಎಡವಿದೆ. ಮಿಕ್ಸಿ ತಿರುಗಲು ನೀರು ಬೇಕು, ನೀರು ಹಾಕಿದರೆ ಹಿಟ್ಟು ದೋಸೆಯದಾಗುತ್ತದೆ. ಕೊನೆಗೆ ಮಾಸೆಕಾ ಸೇರಿಸಿ ಗಟ್ಟಿ ಮಾಡಬೇಕಾಯಿತು. ಘಮ ಎದ್ದು ಬಂತು, ನಿಜ, ಆದರೆ ವಾರದ ದಿನದ ಕೆಲಸ ಅಲ್ಲ.

ಉಳಿದ ಟೊರ್ಟಿಯಾ ಮರುದಿನ ಬೆಳಿಗ್ಗೆಗೆ. ಮೆಕ್ಸಿಕೊದವರು ಅದನ್ನು ತುಂಡು ಮಾಡಿ, ಎಣ್ಣೆಯಲ್ಲಿ ಗರಿಗರಿ ಮಾಡಿ, ಬಿಸಿ ಸಾಲ್ಸಾದಲ್ಲಿ ಹೊರಳಿಸಿ ಚಿಲಾಕಿಲೆಸ್ ಮಾಡುತ್ತಾರೆ. ಒಣಗಿದ ರೊಟ್ಟಿ ಮುರಿದು ಒಗ್ಗರಣೆ ಹಾಕುವ ನಮ್ಮ ಮನೆಯಲ್ಲಿ ಅದನ್ನು ಯಾರಿಗೂ ಹೇಳಿಕೊಡಬೇಕಾಗಲಿಲ್ಲ. ನಾನು ಎದ್ದು ಬರುವಷ್ಟರಲ್ಲಿ ಅವ್ವ ಸಾಸಿವೆ, ಕರಿಬೇವು ಸಿಡಿಸಿ, ಮಿಕ್ಕ ಸಾಲ್ಸಾ ಸುರಿದು, ಮೊಮ್ಮಗಳ ತಟ್ಟೆಗೆ ಬಡಿಸಿ ಆಗಿತ್ತು.