ಹಿತ್ತಿಲ ಓತಿಕ್ಯಾತದಿಂದ ಕಾವೇರಿಯ ಮೊಸಳೆಯವರೆಗೆ: ಹಿಡಿಯದೆ ಸರೀಸೃಪ ನೋಡುವ ಕ್ರಮ

ಹಾವು, ಹಲ್ಲಿ, ಆಮೆಗಳ ಮೇಲೆ ಹೊಸದಾಗಿ ಆಸಕ್ತಿ ಹುಟ್ಟಿದವರು ಸಾಮಾನ್ಯವಾಗಿ ಕೇಳುವ ಮೊದಲ ಪ್ರಶ್ನೆ, ಇವುಗಳಲ್ಲಿ ಯಾವುದನ್ನು ಮನೆಯಲ್ಲಿ ಸಾಕಬಹುದು ಎಂಬುದು. ನಮ್ಮ ಹೊಲ, ಕೆರೆ, ಬೆಟ್ಟಗಳಲ್ಲಿ ಹುಟ್ಟಿದ ಜೀವಿಯ ಮಟ್ಟಿಗೆ ನನ್ನ ಉತ್ತರ ಒಂದೇ: ಯಾವುದನ್ನೂ ಬೇಡ. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯಲ್ಲಿ ‘ಬೇಟೆ’ ಎಂಬ ಪದದ ಅರ್ಥ ಕೊಲ್ಲುವುದಕ್ಕೆ ನಿಲ್ಲುವುದಿಲ್ಲ. ಹಿಡಿಯುವುದು, ಬಲೆಗೆ ಬೀಳಿಸುವುದು, ಸರೀಸೃಪಗಳ ಮೊಟ್ಟೆಯನ್ನು ಹಾಳುಮಾಡುವುದು, ಗೂಡನ್ನು ಕದಡುವುದು ಕೂಡ ಅದರೊಳಗೇ ಬರುತ್ತವೆ. ಉಡ ಮತ್ತು ನಕ್ಷತ್ರ ಆಮೆಗಳು ಆ ಕಾಯಿದೆಯ ಮೊದಲನೆಯ ಅನುಸೂಚಿಯಲ್ಲಿವೆ, ಅಂದರೆ ಅತಿ ಹೆಚ್ಚಿನ ರಕ್ಷಣೆ ಪಡೆದ ಪಟ್ಟಿಯಲ್ಲಿ. ಕಾನೂನನ್ನು ಪಕ್ಕಕ್ಕಿಟ್ಟು ನೋಡಿದರೂ, ಗಾಜಿನ ತೊಟ್ಟಿಯಲ್ಲಿರುವ ಓತಿಕ್ಯಾತ ನಮಗೆ ತೋರಿಸುವುದು ತನ್ನ ಹಸಿವು ಮತ್ತು ಭಯಗಳನ್ನಷ್ಟೇ. ಅದು ಜಾಗಕ್ಕಾಗಿ ಜಗಳವಾಡುವುದನ್ನು, ಹೆಣ್ಣಿಗಾಗಿ ಬಣ್ಣ ತಳೆಯುವುದನ್ನು ನೋಡಬೇಕಾದರೆ ಬೇಲಿಯ ಬಳಿಯೇ ಕೂರಬೇಕು.

ಇದನ್ನು ನಾನು ಕಲಿತದ್ದು ತಪ್ಪು ಮಾಡಿಯೇ. ಹೈಸ್ಕೂಲಿನಲ್ಲಿದ್ದಾಗ ಮಂಡ್ಯದ ನಮ್ಮ ಹಿತ್ತಿಲಲ್ಲಿ, ಮಳೆ ಬಂದ ಮರುದಿನ, ಹೆಣ್ಣು ಓತಿಕ್ಯಾತವೊಂದು ಮೆತ್ತನೆಯ ಮಣ್ಣು ಬಗೆದು ಮೊಟ್ಟೆಯಿಟ್ಟು, ಮಣ್ಣು ಮುಚ್ಚಿ, ಮೂತಿಯಿಂದ ತಟ್ಟಿ ತಟ್ಟಿ ಸಮಮಾಡುವುದನ್ನು ಕಂಡೆ. ಅದು ಹೋದ ಮೇಲೆ ಹನ್ನೊಂದು ಮೊಟ್ಟೆಗಳನ್ನು ತೆಗೆದು, ಮರಳು ತುಂಬಿದ ಡಬ್ಬಿಯಲ್ಲಿಟ್ಟು, ಕೋಳಿ ಕಾವು ಕೂತಾಗ ಮಾಡುವಂತೆ ದಿನಕ್ಕೊಮ್ಮೆ ಹೊರಳಿಸುತ್ತಿದ್ದೆ. ಒಂದೂ ಮರಿಯಾಗಲಿಲ್ಲ. ಹಕ್ಕಿಯ ಮೊಟ್ಟೆಗೆ ಬೇಕಾದದ್ದು ಸರೀಸೃಪದ ಮೊಟ್ಟೆಗೆ ಮಾರಕ: ಇಟ್ಟ ಸ್ವಲ್ಪ ಸಮಯದಲ್ಲೇ ಭ್ರೂಣ ಚಿಪ್ಪಿನ ಒಳಗೋಡೆಗೆ ಅಂಟಿಕೊಳ್ಳುತ್ತದೆ, ಆಮೇಲೆ ಮಗುಚಿದರೆ ಬಹುತೇಕ ಸಾಯುತ್ತದೆ. ಆದ್ದರಿಂದ ಗಿಡ ನೆಡಲು ಅಗೆಯುವಾಗ ಬಿಳಿಯ, ತೊಗಲಿನಂಥ ಮೃದು ಚಿಪ್ಪಿನ ಮೊಟ್ಟೆಗಳು ಸಿಕ್ಕರೆ ಮುಟ್ಟದೆ ಅದೇ ಮಣ್ಣನ್ನು ಮೆಲ್ಲಗೆ ಮುಚ್ಚಿ, ಪಕ್ಕದಲ್ಲೊಂದು ಕಡ್ಡಿ ನೆಟ್ಟು ದಿನಾಂಕ ಬರೆದಿಡಿ. ಆರು ವಾರದಿಂದ ಎರಡು ತಿಂಗಳೊಳಗೆ, ಬೆರಳುದ್ದಕ್ಕಿಂತ ಚಿಕ್ಕ ಮೈಯ ಮರಿಗಳು ಸುತ್ತಲಿನ ಹುಲ್ಲಿನಲ್ಲಿ ಕಾಣಸಿಗುವ ಸಂಭವವಿದೆ.

ಸಾಕುವ ಬದಲು ಮಾಡಬೇಕಾದದ್ದು ಜಾಗ ಕೊಡುವುದು. ಮೈಸೂರಿನ ಮೂವತ್ತು-ನಲವತ್ತು ಅಡಿಯ ನಿವೇಶನದಲ್ಲಿ ಮನೆಯ ಹಿಂದೆ ಉಳಿಯುವ ನಾಲ್ಕು ಅಡಿ ಪಟ್ಟಿಯೂ ಸಾಕಾಗುತ್ತದೆ. ಬೆಳಗಿನ ಬಿಸಿಲು ಮೊದಲು ಬೀಳುವ ಮೂಲೆಯಲ್ಲಿ ಸೈಜುಗಲ್ಲು ಅಥವಾ ಹಳೆಯ ಮಂಗಳೂರು ಹೆಂಚುಗಳನ್ನು ನಡುವೆ ಬೆರಳು ತೂರುವಷ್ಟು ಸಂದು ಬಿಟ್ಟು ಪೇರಿಸಿ. ಮೇಲ್ಭಾಗ ಬಿಸಿಲು ಕಾಯುವುದಕ್ಕೆ, ಸಂದು ಅಡಗುವುದಕ್ಕೆ. ಪಕ್ಕದಲ್ಲಿ ಒಣಗಿದ ಎಲೆ ಕೊಳೆಯಲು ಬಿಟ್ಟರೆ ಹಾವುರಾಣಿ ಎಂಬ ನುಣುಪು ಮೈಯ ಹಲ್ಲಿ ತಾನಾಗಿಯೇ ಬರುತ್ತದೆ. ದಾಸವಾಳವೋ ನುಗ್ಗೆಯೋ ಒಂದು ಗಿಡವಿರಲಿ. ನೀರಿಗೆ ಮಣ್ಣಿನ ತಟ್ಟೆ ಇಟ್ಟು, ಒಳಗೆ ಬಿದ್ದ ಮರಿ ಹತ್ತಿ ಬರುವಂತೆ ಒಂದು ಕಲ್ಲು ಹಾಕಿ. ಕೀಟನಾಶಕ ಸಿಂಪಡಿಸುವುದನ್ನು ನಿಲ್ಲಿಸದೆ ಇವೆಲ್ಲವನ್ನೂ ಮಾಡಿ ಪ್ರಯೋಜನವಿಲ್ಲ, ಏಕೆಂದರೆ ಅವು ಬರುವುದೇ ಹುಳುವಿಗಾಗಿ. ಕಲ್ಲಿನ ರಾಶಿಯನ್ನು ಬಾಗಿಲಿನಿಂದಲೂ ಮಕ್ಕಳು ಆಡುವ ಕಡೆಯಿಂದಲೂ ದೂರವಿಡಬೇಕು. ಓತಿಗೆ ಒಗ್ಗುವ ಸಂದು ಹಾವಿಗೂ ಒಗ್ಗುತ್ತದೆ. ಕಾಳು ಚೆಲ್ಲಾಡಿ ಇಲಿ ಸೇರಿಕೊಂಡರೆ ಹಾವಿಗೆ ನಾವೇ ಆಮಂತ್ರಣ ಕಳುಹಿಸಿದಂತೆ.

ಇನ್ನು ನೋಡುವ ಕ್ರಮ. ಹತ್ತು ಜಾಗ ಸುತ್ತುವುದಕ್ಕಿಂತ ಒಂದೇ ಜಾಗದಲ್ಲಿ, ಒಂದೇ ವೇಳೆಗೆ, ದಿನಕ್ಕೆ ಇಪ್ಪತ್ತು ನಿಮಿಷ ಕೂರುವುದು ಮೇಲು. ‘ಓತಿಕ್ಯಾತಕ್ಕೆ ಬೇಲಿ ಗೂಟ ಸಾಕ್ಷಿ’ ಎಂಬ ಗಾದೆಯನ್ನು ನಾವು ಹೇಳುವುದು ಬೇರೆ ಅರ್ಥದಲ್ಲಿ, ಆದರೆ ಗಂಡು ಓತಿಕ್ಯಾತಕ್ಕೆ ನಿಜಕ್ಕೂ ತನ್ನದೇ ಒಂದು ಗೂಟವಿರುತ್ತದೆ, ದಿನದಿನವೂ ಅಲ್ಲಿಗೇ ಬರುತ್ತದೆ. ಏಪ್ರಿಲ್‌ನಿಂದ ಮಳೆಗಾಲದ ಕೊನೆಯವರೆಗೆ ಅದರ ತಲೆ, ಗಂಟಲು, ಭುಜಗಳು ಕೆಂಪೇರುತ್ತವೆ. ನೋಟ ನೆಟ್ಟು ರಕ್ತ ಹೀರುತ್ತದೆ ಎಂದು ಅಜ್ಜಿಯರು ಹೆದರಿಸುತ್ತಿದ್ದುದು ಈ ಕೆಂಪನ್ನು ಕಂಡೇ. ಅದು ಹೀರಿದ ರಕ್ತವಲ್ಲ, ಎದುರಾಳಿ ಗಂಡಿಗೂ ಹೆಣ್ಣಿಗೂ ತೋರಿಸುವ ಬಣ್ಣ. ಬಣ್ಣ ಬದಲಿಸುತ್ತದೆಂದು ಇದನ್ನೇ ಗೋಸುಂಬೆ ಎನ್ನುವವರಿದ್ದಾರೆ. ಗೋಸುಂಬೆಯ ಕಣ್ಣುಗಳು ಒಂದೊಂದೂ ಬೇರೆ ಬೇರೆ ದಿಕ್ಕಿಗೆ ಹೊರಳುತ್ತವೆ, ಬಾಲ ಸುರುಳಿ ಸುತ್ತುತ್ತದೆ, ಕಾಲು ಇಕ್ಕಳದಂತೆ ರೆಂಬೆ ಹಿಡಿಯುತ್ತದೆ. ಓತಿಕ್ಯಾತಕ್ಕೆ ಇವು ಮೂರೂ ಇಲ್ಲ.

ಪುಸ್ತಕದಲ್ಲಿ ‘ಓತಿಕ್ಯಾತ ಕಂಡಿತು’ ಎಂದಷ್ಟೇ ಬರೆದರೆ ಆರು ತಿಂಗಳ ನಂತರ ಅದರಿಂದ ಏನೂ ತಿಳಿಯುವುದಿಲ್ಲ. ನನ್ನ ಒಂದು ದಿನದ ಬರಹ ಹೀಗಿದೆ: ‘ಬೆಳಿಗ್ಗೆ 7.50. ರಾತ್ರಿ ಮಳೆ, ಈಗ ಎಳೆಬಿಸಿಲು. ಗಂಡು, ಮೂರನೆಯ ಗೂಟದ ತುದಿ, ಮೈ ಕಪ್ಪಗೆ, ಬೆನ್ನು ಸೂರ್ಯನಿಗೆ. 8.15ಕ್ಕೆ ಮೈ ತಿಳಿಯಾಯಿತು. 8.20ಕ್ಕೆ ಎರಡನೆಯ ಗಂಡು ನುಗ್ಗೆ ಮರದಿಂದ ಇಳಿಯಿತು, ಮೊದಲನೆಯದು ಮುಂಗಾಲು ಊರಿ ಏಳು ಬಾರಿ ಬಸ್ಕಿ ಹೊಡೆಯಿತು, ಬಂದದ್ದು ಹಿಂದಿರುಗಿತು.’ ವೇಳೆ, ಹವೆ, ಇದ್ದ ಜಾಗ, ಮೈಬಣ್ಣ, ಮಾಡಿದ ಕೆಲಸ, ಈ ಐದು ಇದ್ದರೆ ಸಾಕು. ಬೆಳಿಗ್ಗೆ ಕಪ್ಪಗಿದ್ದ ಮೈ ಅರ್ಧ ಗಂಟೆಯಲ್ಲಿ ತಿಳಿಯಾದದ್ದೇಕೆ ಎಂಬುದು ಇಂಥ ಹತ್ತು ಟಿಪ್ಪಣಿಗಳನ್ನು ಜೊತೆಗಿಟ್ಟು ಓದಿದಾಗ ಗೊತ್ತಾಗುತ್ತದೆ: ಕಪ್ಪು ಮೈ ಬಿಸಿಲನ್ನು ಬೇಗ ಹೀರುತ್ತದೆ, ಬೇಕಾದಷ್ಟು ಬಿಸಿಯಾದ ಮೇಲೆ ಕಪ್ಪಿನ ಅಗತ್ಯವಿರುವುದಿಲ್ಲ. ಒಂದನ್ನು ಇನ್ನೊಂದರಿಂದ ಗುರುತಿಸಲು ಬಣ್ಣವನ್ನು ನಂಬಬೇಡಿ. ಮೊಂಡಾದ ಬಾಲ, ಇಲ್ಲದ ಬೆರಳು, ಕೆನ್ನೆಯ ಗಾಯ, ಇವುಗಳ ಫೋಟೊ ತೆಗೆದಿಟ್ಟುಕೊಳ್ಳಿ. ಹತ್ತು ಸಾವಿರ ರೂಪಾಯಿಯ ಲೆನ್ಸ್ ಇದಕ್ಕೆ ಬೇಡ. ಎಂಟು ಪಟ್ಟು ದೊಡ್ಡದಾಗಿ ತೋರಿಸುವ ಸಾಧಾರಣ ದುರ್ಬೀನೊಂದಿದ್ದರೆ ಅವು ಬೆದರದಷ್ಟು ದೂರದಲ್ಲೇ ಕುಳಿತು ನೋಡಬಹುದು.

ರಾತ್ರಿಯ ಪಾಠಕ್ಕೆ ಮನೆಯ ಹಲ್ಲಿಯೇ ಗುರು. ಮಾತಿನ ನಡುವೆ ಲೊಚಗುಟ್ಟಿದರೆ ‘ಸತ್ಯ’ ಎಂದು ನೆಲ ತಟ್ಟುವ ನಮ್ಮ ಮನೆಗಳಲ್ಲಿ ಅದು ಯಾವಾಗ, ಯಾವುದಕ್ಕೆ ಲೊಚಗುಟ್ಟುತ್ತದೆಂದು ಗಮನಿಸಿದವರು ಕಡಿಮೆ. ವರಾಂಡದ ದೀಪದ ಸುತ್ತ ಎಷ್ಟು ಹಲ್ಲಿಗಳಿವೆ, ದೀಪಕ್ಕೆ ತೀರ ಹತ್ತಿರದ ಜಾಗ ಯಾರದು, ಎರಡನೆಯದು ಹತ್ತಿರ ಬಂದಾಗ ಸದ್ದು ಮಾಡುವುದು ಯಾವುದು ಎಂದು ಒಂದು ವಾರ ಬರೆದು ನೋಡಿ. ಅದೇ ಹೊತ್ತಿಗೆ ಟಾರ್ಚಿಗೆ ಕೆಂಪು ಜಿಲೆಟಿನ್ ಕಾಗದ ಕಟ್ಟಿ ಹಿತ್ತಿಲ ಗಿಡಗಳ ತುದಿ ನೋಡಿದರೆ, ಹಗಲಿನ ಓತಿಕ್ಯಾತ ತೆಳು ರೆಂಬೆಯನ್ನು ತಬ್ಬಿ, ಬಿಳಿಚಿಕೊಂಡು ಮಲಗಿರುವುದು ಕಾಣುತ್ತದೆ. ತುದಿಯಲ್ಲೇ ಮಲಗುವುದಕ್ಕೆ ಕಾರಣ ಬಹುಶಃ ಇದು: ಹಾವು ಹತ್ತಿ ಬಂದರೆ ರೆಂಬೆ ಅಲುಗಿ ಎಚ್ಚರವಾಗುತ್ತದೆ.

ಹಿತ್ತಿಲು ಸಾಲದಾದಾಗ ಬೆಟ್ಟಕ್ಕೆ ಹೋಗಬೇಕು. ಚಾಮುಂಡಿ ಬೆಟ್ಟದ ಮೆಟ್ಟಿಲುಗಳ ಪಕ್ಕದ ಬಂಡೆಗಳಲ್ಲಿ, ಪಾಂಡವಪುರದ ಕುಂತಿ ಬೆಟ್ಟದಲ್ಲಿ, ಮೇಲುಕೋಟೆಯ ಕಲ್ಲುಗಳ ಮೇಲೆ ಬಂಡೆ ಓತಿಯನ್ನು ಹುಡುಕಿ. ಮರಿ ಮಾಡುವ ಕಾಲದಲ್ಲಿ ಗಂಡಿನ ಬೆನ್ನು ಕೆಂಪು-ಕಿತ್ತಳೆಗೆ ತಿರುಗಿ, ಪಕ್ಕೆ ಕಪ್ಪಾಗಿ, ಅರ್ಧ ಫರ್ಲಾಂಗಿನಿಂದಲೇ ಎದ್ದು ಕಾಣುತ್ತದೆ. ಹೆಣ್ಣು ಬಂಡೆಯದೇ ಬಣ್ಣ. ಹತ್ತಿರ ನಡೆಯುತ್ತಾ, ಅದು ಓಡಿದಾಗ ನಿಮಗೂ ಅದಕ್ಕೂ ಎಷ್ಟು ಹೆಜ್ಜೆಯ ಅಂತರವಿತ್ತೆಂದು ಎಣಿಸಿ. ಜನ ಓಡಾಡುವ ಮೆಟ್ಟಿಲ ಬಳಿಯ ಓತಿಗೂ ಒಳಗಿನ ಬಂಡೆಯ ಓತಿಗೂ ಈ ಎಣಿಕೆಯಲ್ಲಿ ವ್ಯತ್ಯಾಸವಿದೆಯೇ ಎಂಬುದು ನೀವೇ ಕಂಡುಕೊಳ್ಳಬಹುದಾದ ಸಂಗತಿ. ಚಪ್ಪಡಿ ಎತ್ತಿ ನೋಡುವ ಚಪಲ ಬೇಡ; ಗರಗಸ ಮಂಡಲವೆಂಬ ವಿಷದ ಹಾವು ಹಗಲು ಕಳೆಯುವುದು ಅಂಥ ಕಲ್ಲಿನಡಿಯಲ್ಲೇ.

ನೀರಿನ ಕಡೆಗೆ ಬಂದರೆ ಮಂಡ್ಯ ಜಿಲ್ಲೆಯಷ್ಟು ಅನುಕೂಲದ ಸೀಮೆ ಸಿಗುವುದು ಕಷ್ಟ. ಕೆರೆಯ ತೂಬಿನ ಬಳಿ, ವಿಶ್ವೇಶ್ವರಯ್ಯ ನಾಲೆಯ ಕವಲುಗಳಲ್ಲಿ ನೀರೊಳ್ಳೆ ಹಾವು ಮೀನು ಹಿಡಿಯುವುದನ್ನು ಏರಿಯ ಮೇಲಿನಿಂದಲೇ ನೋಡಬಹುದು. ಕೆರೆ ಬತ್ತಿದಾಗ ಕೆಸರಿನಲ್ಲಿ ಹುದುಗಿದ್ದ ಆಮೆ ಮಳೆ ಬಿದ್ದೊಡನೆ ಹೊರಟು ರಸ್ತೆಗೆ ಬರುತ್ತದೆ. ವಾಹನ ನೋಡಿಕೊಂಡು, ಅದು ಯಾವ ಕಡೆಗೆ ಹೊರಟಿತ್ತೋ ಆ ಕಡೆಗೇ ದಾಟಿಸಿ ಬಿಡಿ. ಅಂಗಡಿಯಿಂದ ತಂದ ಕೆಂಪು ಕಿವಿಯ ವಿದೇಶಿ ಆಮೆ ದೊಡ್ಡದಾಯಿತೆಂದು ಕುಕ್ಕರಹಳ್ಳಿ ಕೆರೆಗೋ ಕಾರಂಜಿ ಕೆರೆಗೋ ಬಿಡುವುದನ್ನು ಪುಣ್ಯವೆಂದು ತಿಳಿದವರಿದ್ದಾರೆ. ಅದು ನಮ್ಮ ಆಮೆಗಳ ಅನ್ನಕ್ಕೂ ಜಾಗಕ್ಕೂ ಕೈ ಹಾಕುತ್ತದೆ. ಮೊಸಳೆಯನ್ನು ನೋಡಲು 1940ರಲ್ಲಿ ಪಕ್ಷಿಧಾಮವಾದ ರಂಗನತಿಟ್ಟಿನ ದೋಣಿಯೇ ಸರಿಯಾದ ಸ್ಥಳ. ಬಂಡೆಯ ಮೇಲೆ ಬಾಯಿ ತೆರೆದು ಮಲಗಿರುವುದು ನಿಮ್ಮನ್ನು ಹೆದರಿಸಲು ಅಲ್ಲ, ಮೈಯ ಬಿಸಿ ಇಳಿಸಿಕೊಳ್ಳಲು. ಕಾವೇರಿಯ ಬೇರೆ ದಡಗಳಲ್ಲಿ, ಅದರಲ್ಲೂ ಹೊತ್ತು ಮುಳುಗಿದ ಮೇಲೆ, ನೀರಿನ ಅಂಚಿಗೆ ಇಳಿಯಬಾರದು.

ಹಾವಿನ ವಿಷಯದಲ್ಲಿ ನನ್ನ ನಿಯಮ ಬಿಗಿಯಾದದ್ದು. ಗುರುತು ಸಿಕ್ಕಿದೆ ಎನ್ನಿಸಿದರೂ ಸಿಕ್ಕಿಲ್ಲವೆಂದೇ ನಡೆದುಕೊಳ್ಳಬೇಕು. ವಿಷವಿಲ್ಲದ ತೋಳ ಹಾವಿನ ಬಿಳಿ ಪಟ್ಟೆಗಳು ಕತ್ತಿನ ಕಡೆ ಸ್ಪಷ್ಟವಾಗಿದ್ದು ಬಾಲದ ಕಡೆ ಮಾಸುತ್ತವೆ, ಕಟ್ಟು ಹಾವಿನಲ್ಲಿ ಇದು ಸಾಮಾನ್ಯವಾಗಿ ತಿರುಗುಮುರುಗು. ಆದರೆ ರಾತ್ರಿ ಟಾರ್ಚಿನ ಬೆಳಕಲ್ಲಿ ಈ ವ್ಯತ್ಯಾಸವನ್ನು ನೆಚ್ಚಿ ಕೈ ಚಾಚಿದವರು ಪ್ರಾಣ ಕಳೆದುಕೊಳ್ಳಬಹುದು. ಮರಿ ಹೆಬ್ಬಾವೆಂದು ಎತ್ತಿದ್ದು ಕೊಳಕುಮಂಡಲವಾಗಿರುವುದೂ ಉಂಟು. ಕಬ್ಬಿನ ಗದ್ದೆಯ ಬದುವಿನಲ್ಲಿ ನಡೆಯುವಾಗ ಮೊಣಕಾಲುದ್ದದ ಗಂ ಬೂಟು, ಕೈಯಲ್ಲಿ ಕೋಲು, ಕತ್ತಲಾದರೆ ಟಾರ್ಚು ಇರಲಿ. ಹಾವು ಕಂಡರೆ ಅದರ ಉದ್ದದ ಎರಡು ಪಟ್ಟಿಗಿಂತ ಹೆಚ್ಚು ದೂರದಲ್ಲಿ ನಿಂತು, ಅದು ಹೋಗುವ ದಾರಿ ಬಿಟ್ಟು ನೋಡಿ. ಕೇರೆ ಹಾವುಗಳೆರಡು ಹೆಣೆದುಕೊಂಡು ನೆಟ್ಟಗೆ ಏಳುವುದನ್ನು ಕಂಡರೆ ಅದೃಷ್ಟ: ಊರಿನವರು ಅದನ್ನು ಕೇರೆ ಮತ್ತು ನಾಗರಗಳ ಸರಸ ಎನ್ನುತ್ತಾರೆ, ನಿಜದಲ್ಲಿ ಅದು ಎರಡು ಗಂಡು ಕೇರೆಗಳ ಕುಸ್ತಿ. ಹಾವು ನೋಡುವ ಧೈರ್ಯವಿಲ್ಲದವರು ಪೊರೆ ಸಂಗ್ರಹಿಸದೆ, ಬಿದ್ದಲ್ಲೇ ಅಳತೆಪಟ್ಟಿಯಿಟ್ಟು ಅದರ ಫೋಟೊ ತೆಗೆಯಬಹುದು. ಕಳಚುವಾಗ ಹಿಗ್ಗುವುದರಿಂದ ಪೊರೆ ಹಾವಿಗಿಂತ ಉದ್ದವಿರುತ್ತದೆ ಎಂಬುದು ನೆನಪಿರಲಿ.

ಕಚ್ಚಿದರೆ ಕಟ್ಟು ಬಿಗಿಯುವುದು, ಕೊಯ್ಯುವುದು, ಹೀರುವುದು, ನಾಟಿ ಔಷಧಕ್ಕೆ ಓಡುವುದು ಯಾವುದೂ ಬೇಡ. ಕಚ್ಚಿದ ಕೈಕಾಲು ಅಲುಗದಂತೆ ದಬ್ಬೆ ಇಟ್ಟು, ಉಂಗುರ, ಗಡಿಯಾರ ತೆಗೆದು, 108ಕ್ಕೆ ಕರೆ ಮಾಡಿ, ಪ್ರತಿವಿಷ ಇರುವ ಆಸ್ಪತ್ರೆಗೆ ಹೋಗಬೇಕು. ನಮ್ಮಲ್ಲಿ ಸಿಗುವ ಪ್ರತಿವಿಷ ನಾಗರ, ಕಟ್ಟು ಹಾವು, ಕೊಳಕುಮಂಡಲ, ಗರಗಸ ಮಂಡಲ ಈ ನಾಲ್ಕಕ್ಕೂ ಒಂದೇ ಆದ್ದರಿಂದ ಹಾವನ್ನು ಹಿಡಿದೊಯ್ಯುವ ಅಗತ್ಯವಿಲ್ಲ. ಹಾವು ಕಡಿತವನ್ನು ಕರ್ನಾಟಕದಲ್ಲಿ 2024ರಿಂದ ಆಸ್ಪತ್ರೆಗಳು ಸರ್ಕಾರಕ್ಕೆ ವರದಿ ಮಾಡಲೇಬೇಕು. ಕಟ್ಟು ಹಾವಿನ ಕಡಿತ ನೋಯದೆಯೂ ಇರಬಹುದು. ನೆಲದ ಮೇಲೆ ಮಲಗುವವರು ಸೊಳ್ಳೆ ಪರದೆಯ ಅಂಚನ್ನು ಹಾಸಿಗೆಯಡಿ ಸಿಕ್ಕಿಸಿಕೊಳ್ಳಬೇಕು.

ಕೊನೆಯದಾಗಿ ಫೋಟೊ ಹಂಚುವ ವಿಚಾರ. ಐನ್ಯಾಚುರಲಿಸ್ಟ್ ಅಥವಾ ಇಂಡಿಯಾ ಬಯೋಡೈವರ್ಸಿಟಿ ಪೋರ್ಟಲ್ ಎಂಬ, ಜೀವಿಗಳ ಚಿತ್ರ ದಾಖಲಿಸುವ ಜಾಲತಾಣಗಳಿಗೆ ಹಾಕಿದ ಚಿತ್ರವನ್ನು ಬಲ್ಲವರು ಗುರುತಿಸಿ ತಿದ್ದುತ್ತಾರೆ, ನಿಮ್ಮ ಟಿಪ್ಪಣಿಗೂ ಬೆಲೆ ಬರುತ್ತದೆ. ಆದರೆ ನಕ್ಷತ್ರ ಆಮೆಯನ್ನು ಮನೆಗೆ ಅದೃಷ್ಟವೆಂದು, ಮಣ್ಣುಮುಕ್ಕ ಹಾವನ್ನು ಎರಡು ತಲೆಯದೆಂದು ಕದ್ದು ಮಾರುವ ಜಾಲ ಇರುವುದರಿಂದ, ಈ ಎರಡನ್ನು ಕಂಡಾಗ ಸ್ಥಳದ ವಿವರವನ್ನು ಮರೆಮಾಡುವ ಆಯ್ಕೆಯನ್ನು ಒತ್ತಿಯೇ ಹಾಕಿ. ಫೋನಿನ ಕ್ಯಾಮೆರಾದಲ್ಲಿ ಲೊಕೇಶನ್ ದಾಖಲಾಗುವುದನ್ನು ಮೊದಲೇ ನಿಲ್ಲಿಸಿ. ವಾಟ್ಸಾಪ್ ಗುಂಪಿನಲ್ಲಿ ಯಾವ ಊರಿನ ಯಾವ ಬದು ಎಂದು ಯಾರಾದರೂ ಕೇಳಿದರೆ, ಪರಿಚಯದವರಾದರೂ, ತಾಲ್ಲೂಕಿನ ಹೆಸರಿಗಿಂತ ಹೆಚ್ಚು ಹೇಳಬೇಡಿ.