ಕಾಗದದ ಹೂ ಬಿಡಬೇಕಾ? ನೀರು ಬಂದ್ ಮಾಡಿ

ಪುಣೆಯ ವಾರ್ಜೆಯ ನಮ್ಮ ಟೆರೇಸಿನಲ್ಲಿ ಮಹಾರಾ ಜಾತಿಯ ಕಾಗದದ ಹೂವಿನ (ಬೊಗನ್‌ವಿಲ್ಲಾ) ಗಿಡ ಎರಡು ವರ್ಷ ಬರೀ ಎಲೆ ಬಿಟ್ಟಿತು. ದಿನಾ ಒಂದು ತಂಬಿಗೆ ನೀರು, ತಿಂಗಳಿಗೊಮ್ಮೆ ಸಗಣಿ ಗೊಬ್ಬರ. ಧಾರವಾಡದವಳು ನಾನು, ಗಿಡಕ್ಕೆ ನೀರು ಹಾಕದೆ ಚಹಾ ಕುಡಿದವಳಲ್ಲ. ಕೊನೆಗೆ ಸೊಸೈಟಿಯ ಮಾಳಿ ಕುಂಡದ ಮಣ್ಣಿಗೆ ಬೆರಳು ಚುಚ್ಚಿ ನೋಡಿ, "ಕಾಕೂ, ಪಾಣೀ ಬಂದ್ ಕರಾ" ಅಂದ.

ಇದರಲ್ಲಿ ನಾವು ಹೂವು ಅನ್ನುವುದು ಹೂವೇ ಅಲ್ಲ, ಬಣ್ಣ ಬಂದ ಎಲೆ. ಸಾಮಾನ್ಯ ಜಾತಿಯಲ್ಲಿ ನಡುವೆ ಸಣ್ಣ ಬಿಳಿ ಕೊಳವೆ ಕಾಣುತ್ತದಲ್ವಾ, ನಿಜವಾದ ಹೂವು ಅದು. ಮಹಾರಾದಲ್ಲಿ ಅದೂ ಇಲ್ಲ, ರಾಣಿ ಬಣ್ಣದ ಎಲೆಗಳೇ ಗೊಂಚಲು ಗೊಂಚಲು. ನ್ಯೂಜೆರ್ಸಿಯಲ್ಲಿ ಮಗಳ ಮನೆ ಮುಂದಿನ ಹೈಬ್ರಿಡ್ ಡಾಗ್‌ವುಡ್ ಮರದ್ದೂ ಇದೇ ಕಥೆ: ನಾಲ್ಕು ಬಿಳಿ 'ದಳ'ಗಳೂ ಎಲೆಗಳೇ. ಅದರ ಆಸೆ ನನಗೂ ಇತ್ತು. ಆದರೆ ಆ ಮರಕ್ಕೆ ಹೆಪ್ಪುಗಟ್ಟುವ ಚಳಿಗಾಲ ಬೇಕು, ನಮ್ಮ ಸ್ವೆಟರ್ ಚಳಿ ಸಾಲದು.

ಮಹಾರಾಗೆ 12 ಇಂಚಿನ ಕುಂಡ ಸಾಕು. ಕುಂಡ ದೊಡ್ಡದಾದಷ್ಟೂ ಎಲೆ ಜಾಸ್ತಿ. ಪುಣೆಯ ಕಪ್ಪು ಮಣ್ಣು ನೀರು ಹಿಡಿದಿಡುತ್ತದೆ, ಅದನ್ನೇ ತುಂಬಬೇಡಿ. ಅರ್ಧ ಕೆಂಪು ಮಣ್ಣು, ಕಾಲು ಮರಳು, ಕಾಲು ಕಾಂಪೋಸ್ಟ್. ನರ್ಸರಿಯ ಚೀಲವನ್ನು ಬ್ಲೇಡಿನಿಂದ ಕೊಯ್ದು, ಮಣ್ಣಿನ ಮುದ್ದೆ ಒಡೆಯದಂತೆ ಇಳಿಸಿ. ಬೇರು ತುಂಬಾ ನಾಜೂಕು; ಮೊದಲ ಗಿಡವನ್ನು ನಾನು ಮಣ್ಣು ಕೊಡವಿಯೇ ಕೊಂದೆ. ಆರು ತಾಸು ಬಿಸಿಲು ಬೀಳುವ ಕಡೆ ಇಡಿ.

ಮಳೆಗಾಲದಲ್ಲಿ ಕುಂಡದ ಕೆಳಗಿನ ತಟ್ಟೆ ತೆಗೆದುಬಿಡಿ, ಅಷ್ಟೇ. ಕೆಲಸ ಶುರುವಾಗುವುದು ಮಳೆ ನಿಂತು, ದಸರಾ ಮುಗಿದ ಮೇಲೆ. ಪ್ರತಿ ಕೊಂಬೆಯ ಮೂರನೇ ಒಂದು ಭಾಗ ಕತ್ತರಿಸಿ. ಬಣ್ಣ ಬರುವುದು ಹೊಸ ಚಿಗುರಿನಲ್ಲಿ. ಮುಳ್ಳಿದೆ, ಕೈಗೆ ದಪ್ಪ ಬಟ್ಟೆ ಸುತ್ತಿಕೊಳ್ಳಿ. ಚಿಗುರು ಗೇಣುದ್ದ ಆದಾಗ ನೀರು ನಿಲ್ಲಿಸಿ. ಎಲೆ ಜೋಲು ಬೀಳುತ್ತದೆ, ನೋಡಿದರೆ ಕರುಳು ಚುರ್ ಅನ್ನುತ್ತದೆ. ಆಗ ಅರ್ಧ ತಂಬಿಗೆ ಹಾಕಿ, ಮತ್ತೆ ಜೋಲುವವರೆಗೆ ಸುಮ್ನೆ ಇರಿ. ನನಗೆ ಐದನೇ ವಾರಕ್ಕೆ ಕೊಂಬೆಯ ತುದಿ ಕೆಂಪಾಯಿತು. ಬಣ್ಣ ಕಂಡ ಮೇಲೆ ನೀರು ಮತ್ತೆ ಶುರು ಮಾಡಿ, ಇಲ್ಲದಿದ್ದರೆ ಮೊಗ್ಗಲ್ಲೇ ಉದುರುತ್ತದೆ. ಯೂರಿಯಾ, ಸಗಣಿ ಬೇಡ. ಒಂದು ಚಮಚ ಪೊಟ್ಯಾಶ್ ಸಾಕು.

ಮಹಾರಾದ ಒಂದು ತಕರಾರು ಹೇಳಿಬಿಡುತ್ತೇನೆ. ಪಕ್ಕದ ಮನೆಯ ಸಾಮಾನ್ಯ ಜಾತಿಯ ಹೂವು ತಾನೇ ಉದುರಿ ನಮ್ಮ ಮೋರಿ ಕಟ್ಟಿಕೊಳ್ಳುವಂತೆ ಮಾಡುತ್ತದೆ. ಇದು ಉದುರುವುದೇ ಇಲ್ಲ. ಒಣಗಿ, ಕಂದಾಗಿ, ಕೊಂಬೆಗೇ ಅಂಟಿಕೊಂಡಿರುತ್ತದೆ. ಏಪ್ರಿಲ್‌ನಲ್ಲಿ ರವಿವಾರ ಬಂದರೆ ಕತ್ತರಿ ಹಿಡಿದು ಒಂದೊಂದೇ ಗೊಂಚಲು ತೆಗೆಯುತ್ತಾ ಕೂರುತ್ತೇನೆ.